ಪಂಜರದ ಫಿಂಚ್ ಹಕ್ಕಿಗೆ ಹೊಸ ಜೊತೆ: ಕುಕ್ಕಾಟ ತಡೆಯುವ ಬಗೆ



ಹೊಸ ಕೋಳಿಯೊಂದನ್ನು ಹಳೆಯ ಹಿಂಡಿಗೆ ಬಿಟ್ಟ ದಿನ ಏನಾಗುತ್ತದೆಂಬುದನ್ನು ನೀವೆಲ್ಲರೂ ಬಲ್ಲಿರಿ. ಹಳೆಯವು ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತವೆ. ಆದರೆ ಅಂಗಳದಲ್ಲಿ ಹೊಸ ಕೋಳಿಗೆ ಓಡಿ ತಪ್ಪಿಸಿಕೊಳ್ಳಲು ಜಾಗವಿರುತ್ತದೆ. ಪಂಜರದ ಹಕ್ಕಿಗೆ ಆ ಅನುಕೂಲವಿಲ್ಲ. ಇಂದು ಜೆ.ಪಿ. ನಗರದ 7ನೇ ಹಂತದೊಡನೆ ಬೆರೆತುಹೋಗಿರುವ ಪುಟ್ಟೇನಹಳ್ಳಿಯಂಥ ಊರುಗಳಲ್ಲಿ ಹಿತ್ತಲು ಕಿರಿದಾಗಿದೆ. ಮಕ್ಕಳ ಆಸೆಗೆ ಫಿಂಚ್ ಸಾಕುವವರಿಗೆ ಈ ಮಾತುಗಳು ಉಪಯುಕ್ತವಾಗಬಹುದು.

ಯಾವ ಹಕ್ಕಿ?

ಸಾಮಾನ್ಯವಾಗಿ ಸಾಕುವುದು ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್. ಇದರ ತೂಕ ಸುಮಾರು 12 ಗ್ರಾಂ. ಗಂಡಿನ ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಮಚ್ಚೆಯಿದ್ದು, ಕೊಕ್ಕು ಕಡುಕೆಂಪಾಗಿರುತ್ತದೆ, ಹಾಡುವುದೂ ಗಂಡೇ. ನಮ್ಮ ಕೆರೆಯಂಚಿನ ಹುಲ್ಲಿನಲ್ಲಿ ಕಾಳು ಹೆಕ್ಕುವ ರಾಟವಾಳ ಇದೇ ಬಳಗದ ಕಾಡುಹಕ್ಕಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಂತೆ ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಯಾರಾದರೂ ಬಣ್ಣ ಬಳಿದು ಮಾರಲು ಬಂದರೂ ಕೊಳ್ಳಬೇಡಿರಿ.

ಕುಕ್ಕುವುದೇಕೆ?

ಫಿಂಚ್ ಗುಂಪಿನಲ್ಲಿ ಬಾಳುವ ಹಕ್ಕಿ. ಜೊತೆ ಸತ್ತರೆ ಒಂಟಿಯಾಗಿ ಕೂಗುತ್ತಿರುತ್ತದೆ. ಮನೆಯವರು ಕನಿಕರದಿಂದ ಇನ್ನೊಂದನ್ನು ತಂದು ಅದೇ ಪಂಜರಕ್ಕೆ ಬಿಡುತ್ತಾರೆ. ತಪ್ಪಾಗುವುದು ಇಲ್ಲಿಯೇ. ಪಂಜರದ ಕೋಲು, ಗೂಡು, ಕಾಳಿನ ಬಟ್ಟಲು ಎಲ್ಲವೂ ತನ್ನದೆಂದು ಹಳೆಯ ಹಕ್ಕಿ ಭಾವಿಸಿರುತ್ತದೆ. ಹೊಸದು ಬಟ್ಟಲ ಹತ್ತಿರ ಬಂದಾಗಲೆಲ್ಲ ಅಟ್ಟುತ್ತದೆ. ಗಾಯಕ್ಕಿಂತ ಹಸಿವೇ ಇಲ್ಲಿ ಹೆಚ್ಚು ಅಪಾಯಕಾರಿ. ಇಷ್ಟು ಚಿಕ್ಕ ಹಕ್ಕಿ ಒಂದು ದಿನ ಕಾಳಿಲ್ಲದಿದ್ದರೂ ಸಾಯಬಹುದು.

ಜೊತೆಗೂಡಿಸುವ ಕ್ರಮ

1. ಹೊಸ ಹಕ್ಕಿಯನ್ನು 30 ದಿನ ಬೇರೆ ಕೋಣೆಯಲ್ಲಿಡಿರಿ. ಉಣ್ಣೆ, ಭೇದಿ, ಉಬ್ಬಸ ಇದ್ದರೆ ಈ ಅವಧಿಯಲ್ಲಿ ಕಾಣಿಸಿಕೊಳ್ಳುತ್ತವೆ. ಮೊದಲು ಹಳೆಯದಕ್ಕೆ ಮೇವು ಹಾಕಿ, ನಂತರ ಹೊಸದರ ಬಳಿ ಹೋಗಿರಿ.

2. ಆ ಮೇಲೆ ಒಂದು ವಾರ ಎರಡು ಪಂಜರಗಳನ್ನು ಅಕ್ಕಪಕ್ಕ ಇಡಿರಿ. ಒಂದನ್ನೊಂದು ನೋಡಿ, ಕೂಗಿಗೆ ಓಗೊಟ್ಟು ಪರಿಚಯವಾಗಲಿ.

3. ಎರಡನ್ನೂ ಬೆಳಿಗ್ಗೆ ಒಟ್ಟಿಗೆ ಮೂರನೆಯ ಪಂಜರಕ್ಕೆ ಬಿಡಿರಿ. ಅದಿಲ್ಲದಿದ್ದರೆ ಹಳೆಯದನ್ನೇ ತೊಳೆದು, ಕೋಲುಗಳ ಜಾಗ ಬದಲಿಸಿರಿ. ಆಗ ಅದು ಇಬ್ಬರಿಗೂ ಹೊಸ ಮನೆಯಾಗುತ್ತದೆ. ಜೋಡಿಯೊಂದಕ್ಕೆ ಕನಿಷ್ಠ ಎರಡೂವರೆ ಅಡಿ ಉದ್ದದ ಪಂಜರ ಬೇಕು.

4. ಗೂಡನ್ನು ಆರಂಭದಲ್ಲಿ ತೆಗೆದಿಡಿರಿ. ಕಾಳು ಮತ್ತು ನೀರಿನ ಬಟ್ಟಲುಗಳನ್ನು ಎರಡೆರಡರಂತೆ ಎರಡು ತುದಿಗಳಲ್ಲಿಡಿರಿ. ನಡುವೆ ಎಲೆಯಿರುವ ರೆಂಬೆಯೊಂದನ್ನು ಕಟ್ಟಿದರೆ ಮರೆಯಾಗುತ್ತದೆ.

5. ಒಂದು ಗಂಡು, ಒಂದು ಹೆಣ್ಣು ಉತ್ತಮ. ಒಂದು ಹೆಣ್ಣಿನೊಂದಿಗೆ ಎರಡು ಗಂಡುಗಳನ್ನು ಎಂದಿಗೂ ಇಡಬಾರದು.

ಯಾವಾಗ ಬೇರ್ಪಡಿಸಬೇಕು?

ಮೊದಲ ದಿನ ಹತ್ತಿರವೇ ಇದ್ದು ಗಮನಿಸಿರಿ. ಆಗೊಮ್ಮೆ ಈಗೊಮ್ಮೆ ಅಟ್ಟುವುದು ಸಹಜ. ಆದರೆ ಒಂದು ಹಕ್ಕಿ ಪಂಜರದ ತಳದಲ್ಲಿ ಉಬ್ಬಿಕೊಂಡು ಕುಳಿತರೆ, ಬಟ್ಟಲ ಬಳಿ ಬರದಿದ್ದರೆ, ಬೆನ್ನು ಬೋಳಾದರೆ ಅಥವಾ ರಕ್ತ ಕಂಡರೆ ತಡಮಾಡದೆ ಕುಕ್ಕುವ ಹಕ್ಕಿಯನ್ನು ಹೊರತೆಗೆಯಿರಿ. ಪೆಟ್ಟು ತಿಂದದ್ದು ಅಲ್ಲಿಯೇ ಇದ್ದು ಆ ಜಾಗಕ್ಕೆ ಒಗ್ಗಿಕೊಳ್ಳಲಿ. ವಾರದ ನಂತರ ಮತ್ತೆ ಅಕ್ಕಪಕ್ಕದಿಂದ ಆರಂಭಿಸಿರಿ. ಎರಡು ಮೂರು ಬಾರಿ ಯತ್ನಿಸಿದರೂ ಹೊಂದದಿದ್ದರೆ ಬೇರೆ ಜೊತೆ ಹುಡುಕುವುದೇ ಲೇಸು.

ಜೋಡಿ ಹೊಂದಿಕೊಂಡ ಮೇಲೂ ಗರಿ ಕೀಳುವುದುಂಟು. ಗೂಡಿಗೆ ಹುಲ್ಲು ಸಾಲದಿದ್ದರೆ ತಮ್ಮ ಮರಿಗಳ ಪುಕ್ಕವನ್ನೇ ಕಿತ್ತು ಹಾಸುತ್ತವೆ. ಒಣಗಿದ ಗರಿಕೆಯನ್ನು ಎರಡು ಮೂರು ಅಂಗುಲಕ್ಕೆ ಕತ್ತರಿಸಿ ಕೊಡಿರಿ. ದಾರ ಕೊಡಬೇಡಿರಿ, ಕಾಲಿಗೆ ಸುತ್ತಿಕೊಳ್ಳುತ್ತದೆ. ನವಣೆ, ಸಾಮೆ, ಬರಗು ನಿಮ್ಮ ಹೊಲದಲ್ಲೇ ಇವೆ. ಅವುಗಳೊಂದಿಗೆ ಬೇಯಿಸಿದ ಮೊಟ್ಟೆ, ಸೊಪ್ಪು, ಚಿಪ್ಪಿನ ಪುಡಿ ಸ್ವಲ್ಪ ಸ್ವಲ್ಪ ಇರಲಿ.

ಗಾಯ ಮಾಯದಿದ್ದರೆ ಅಥವಾ ಹಕ್ಕಿ ಮೇವು ಬಿಟ್ಟರೆ ಅಂದೇ ಹತ್ತಿರದ ಪಶುವೈದ್ಯರಿಗೆ ತೋರಿಸಿರಿ. ಹೊಸ ಹಸುವನ್ನು ಕೊಟ್ಟಿಗೆಗೆ ತಂದಾಗ ತೋರುವ ತಾಳ್ಮೆಯನ್ನೇ ಈ ಪುಟ್ಟ ಹಕ್ಕಿಗೂ ತೋರಿದರೆ, ಆರು ವಾರದೊಳಗೆ ಎರಡೂ ಒಂದೇ ಕೋಲಿನ ಮೇಲೆ ಒತ್ತಿಕೊಂಡು ಕುಳಿತಿರುವುದನ್ನು ನೀವು ಕಾಣಬಹುದು.