ಟ್ರೆಂಡ್ ಬರುತ್ತೆ ಹೋಗುತ್ತೆ, ಇಳಕಲ್ ಇರುತ್ತೆ

ಬೇಸಿಗೆಗೆ ತಿಳಿ ಬಣ್ಣ, ದೀಪಾವಳಿಗೆ ಮಿಂಚು, ಮಧ್ಯೆ ಇನ್ನೇನೋ. ಬಂದ ಟ್ರೆಂಡನ್ನೆಲ್ಲ ಕೊಳ್ತಾ ಹೋದ್ರೆ ಬೀರು ತುಂಬುತ್ತೆ, ಪರ್ಸ್ ಖಾಲಿಯಾಗುತ್ತೆ. ನಿಮ್ಮದೇ ಸ್ಟೈಲ್ ಬೇಕಾ? ಒಂದು ಇಳಕಲ್ ಸೀರೆಯಿಂದ ಶುರು ಮಾಡಿ.

ಸೆರಗು ಶುರುವಾಗೋ ಜಾಗ ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸಿರ್ತಾರೆ. ಇದೇ ಕೊಂಡಿ. ಹತ್ತಿಯ ಒಡಲಿಗೆ ಕೆಂಪು ರೇಷ್ಮೆ ಸೆರಗು ಬರೋದು ಹೀಗೆ. ಅದರ ಮೇಲಿನ ಬಿಳಿ ಗೋಪುರದಂಥ ಚಿತ್ತಾರ, ಟೋಪ್ ತೆನಿ.

ಸೆಕೆಗೆ ಹತ್ತಿ ಒಡಲು. ಮಳೆಗಾಲಕ್ಕೆ ಗಾಢ ಬಣ್ಣ, ನೆರಿಗೆ ಸ್ವಲ್ಪ ಮೇಲೆ. ಮದುವೆಗೆ ಪೂರಾ ರೇಷ್ಮೆ.

ಕುಪ್ಪಸಕ್ಕೆ? ಇಳಕಲ್ ಇರೋ ಬಾಗಲಕೋಟೆ ಜಿಲ್ಲೆಯದೇ ಆದ ಗುಳೇದಗುಡ್ಡದ ಖಣ. ಒಂದೇ ಖಣದ ಕುಪ್ಪಸ ನಾಲ್ಕು ಸೀರೆಗೆ ಹೊಂದುತ್ತೆ. ಜಾಕೆಟ್ ಹೊಲಿಸಿದ್ರೆ ಜೀನ್ಸ್ ಮೇಲೂ ಚೆಂದ. ಅಜ್ಜಿ ಏನಂತಾರೋ, ಕೇಳೋಕೆ ಹೋಗ್ಬೇಡಿ!

ಒಂದು ಮಾತು: ‘ಇಳಕಲ್’ ಅಂತ ಪ್ರಿಂಟ್ ಸೀರೆನೂ ಮಾರ್ತಾರೆ. ಕೈಮಗ್ಗದ ಬೆಲೆ ಹೇಳಿದ್ರೆ, ಸೆರಗು ತಿರುವಿ ಕೊಂಡಿ ನೋಡಿಯೇ ದುಡ್ಡು ಕೊಡಿ.