ವಸಡಿನ ಬಣ್ಣ, ಮೈಯ ಬಣ್ಣ

ಹಾಲುಹಲ್ಲು ಅಲ್ಲಾಡುವ ಮಗುವಿನ ಬಾಯಿ ತೆರೆಸಿ ನೋಡಿದ ತಾಯಿ ಕೆಲವೊಮ್ಮೆ ಬೆಚ್ಚುವುದುಂಟು. ಹಲ್ಲೇನೋ ಮಲ್ಲಿಗೆಯ ಮೊಗ್ಗಿನಂತೆ ಬಿಳುಪು. ಅದನ್ನು ಹಿಡಿದಿರುವ ವಸಡು ಮಾತ್ರ ನೇರಳೆಹಣ್ಣಿನ ಬಣ್ಣ! ಸರಿಯಾಗಿ ಹಲ್ಲುಜ್ಜದ ಫಲವೇ, ರಕ್ತದ ದೋಷವೇ ಎಂಬ ಚಿಂತೆ ಆಕೆಯನ್ನು ಕಾಡುತ್ತದೆ. ಜಾಹೀರಾತುಗಳಲ್ಲಿ ನಗುವ ಮುಖಗಳಿಗೆಲ್ಲ ಗುಲಾಬಿ ವಸಡೇ ಇರುವುದರಿಂದ ಈ ಚಿಂತೆ ಮತ್ತಷ್ಟು ಬಲಿಯುತ್ತದೆ. ಆದರೆ ಬಹುಮಟ್ಟಿಗೆ ಇದು ನಿಷ್ಕಾರಣವಾದ ಚಿಂತೆ.

ಮೈಗೆ ಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯವೇ ವಸಡಿಗೂ ಬಣ್ಣ ಕೊಡುತ್ತದೆ. ಅದನ್ನು ತಯಾರಿಸುವ ಜೀವಕೋಶಗಳು ವಸಡಿನ ಹೊರಪದರದ ತಳದಲ್ಲಿವೆ. ಕಪ್ಪಗಿರುವವರಲ್ಲಿ ಇವು ಹೆಚ್ಚು, ಬೆಳ್ಳಗಿರುವವರಲ್ಲಿ ಕಡಿಮೆ ಎಂದು ಊಹಿಸುವುದು ಸಹಜ. ಸೋಜಿಗವೆಂದರೆ, ಸಂಖ್ಯೆಯಲ್ಲಿ ಹೆಚ್ಚಿನ ಅಂತರವಿಲ್ಲ. ಒಬ್ಬರಲ್ಲಿ ಅವು ಚುರುಕಾಗಿ ದುಡಿಯುತ್ತವೆ, ಇನ್ನೊಬ್ಬರಲ್ಲಿ ಮಂದವಾಗಿ. ಬಣ್ಣ ವಿರಳವಾಗಿದ್ದರೆ ಒಳಗಿನ ರಕ್ತದ ಕೆಂಪು ಹೊರಗೆ ತೋರಿ ವಸಡು ಗುಲಾಬಿಯಾಗುತ್ತದೆ. ದಟ್ಟವಾಗಿದ್ದರೆ ಕಂದು ಅಥವಾ ಕಪ್ಪು.

ಮೈಬಣ್ಣ ಗಾಢವಾದಂತೆ ವಸಡೂ ಗಾಢವಾಗಿರುವುದು ಸಾಮಾನ್ಯ. ಆದರೂ ಇದು ಕಟ್ಟಳೆಯಲ್ಲ. ಗೋಧಿವರ್ಣದವರಲ್ಲಿ ಕಪ್ಪು ವಸಡು, ಎಣ್ಣೆಗಪ್ಪಿನವರಲ್ಲಿ ಗುಲಾಬಿ ವಸಡು ಇರುವುದುಂಟು. ಒಂದೇ ಬಾಯಿಯಲ್ಲಿ ಎರಡೂ ಬಣ್ಣಗಳು ಪಟ್ಟೆಪಟ್ಟೆಯಾಗಿ ಬೆರೆತಿರುವುದೂ ಉಂಟು. ಬಿಸಿಲಿಗೆ ಮೈ ಕಪ್ಪೇರಬಹುದು. ಬಿಸಿಲನ್ನೇ ಕಾಣದ ವಸಡಿಗೆ ಈ ಸಹಜವರ್ಣ ವಂಶದಿಂದ ಬಂದ ಬಳುವಳಿ.

ಈ ವೈವಿಧ್ಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಅಮೆರಿಕದ ದಂತವೈದ್ಯ ಕ್ಲಿಫ್ಟನ್ ಡಮೆಟ್ ಪ್ರಮುಖರು. 1964ರಲ್ಲಿ ಅವರೂ ಗುಪ್ತಾ ಎಂಬವರೂ ರೂಪಿಸಿದ ಮಾಪಕದಲ್ಲಿ ಗುಲಾಬಿ ವಸಡಿಗೆ 0, ತಿಳಿಗಂದಿಗೆ 1, ನಡುಗಂದಿಗೆ 2, ಕಡುಗಂದು ಅಥವಾ ನೀಲಿಗಪ್ಪಿಗೆ 3. ಇವು ಬಣ್ಣದ ಅಂಕಗಳೇ ಹೊರತು ಆರೋಗ್ಯದ ಅಂಕಗಳಲ್ಲ.

ಎಚ್ಚರಿಕೆ ಎಲ್ಲಿ ಬೇಕು?

ಸಹಜವಾದ ಕಪ್ಪು ಸಾಮಾನ್ಯವಾಗಿ ಎಳವೆಯಿಂದಲೇ ಇರುತ್ತದೆ. ಎಡಬಲಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ. ನಡುವಯಸ್ಸಿನಲ್ಲಿ ಹೊಸದಾಗಿ ತೋರಿದ ಕಲೆ, ಒಂದೇ ಕಡೆ ಬೆಳೆಯುವ ಮಚ್ಚೆ, ದಪ್ಪನಾಗಿ ಉಬ್ಬಿದ ಗುರುತು ಇವುಗಳನ್ನು ವೈದ್ಯರಿಗೆ ತೋರಿಸಲೇಬೇಕು. ಧೂಮಪಾನದಿಂದಲೂ ವಸಡು ಕಪ್ಪಾಗುತ್ತದೆ. 1855ರಲ್ಲಿ ಇಂಗ್ಲೆಂಡಿನ ಥಾಮಸ್ ಅಡಿಸನ್ ವಿವರಿಸಿದ ಗ್ರಂಥಿರೋಗದಲ್ಲಿ ಬಳಲಿಕೆ, ತೂಕ ಇಳಿಯುವಿಕೆಗಳೊಡನೆ ಮೈಯೂ ಬಾಯಿಯ ಒಳಭಾಗವೂ ಕಪ್ಪೇರುತ್ತವೆ.

ಕಪ್ಪು ವಸಡಿನವರಿಗೆ ಇನ್ನೊಂದು ಅಪಾಯವುಂಟು. ವಸಡು ಬೇನೆಗೊಳಗಾದಾಗ ಮೊದಲು ಕೆಂಪಾಗುತ್ತದೆ. ಕಪ್ಪಿನ ಮರೆಯಲ್ಲಿ ಆ ಕೆಂಪು ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ಹಲ್ಲುಜ್ಜುವಾಗ ರಕ್ತ ಬರುವುದು, ವಸಡಿನ ಅಂಚು ಊದುವುದು, ಬಾಯಿಯ ದುರ್ವಾಸನೆ ಇವನ್ನು ಅಲಕ್ಷಿಸಬಾರದು. ಗಟ್ಟಿಯಾಗಿ ಹಲ್ಲನ್ನು ಅಪ್ಪಿ, ರಕ್ತ ಒಸರದೆ ಇರುವ ವಸಡು ಯಾವ ಬಣ್ಣದ್ದಾದರೂ ಒಳ್ಳೆಯದೇ.

ಕಪ್ಪನ್ನು ಶಸ್ತ್ರದಿಂದಲೋ ಲೇಸರ್ ಕಿರಣದಿಂದಲೋ ತೆಗೆಯುವ ಚಿಕಿತ್ಸೆ ಇಂದು ದೊರೆಯುತ್ತದೆ. ಅದು ಅಂದಕ್ಕಾಗಿಯೇ ಹೊರತು ಆರೋಗ್ಯಕ್ಕಾಗಿ ಅಲ್ಲ. ಮೇಲಾಗಿ, ತೆಗೆದ ಬಣ್ಣ ಕಾಲಕ್ರಮದಲ್ಲಿ ಮರಳುವುದೂ ಉಂಟು. ಮಗಳ ಮದುವೆಯ ಮಾತು ಎದ್ದೊಡನೆ ಇದಕ್ಕಾಗಿ ಹಣ ಹೊಂದಿಸುವ ಹಿರಿಯರು ಕ್ಷಣಕಾಲ ಯೋಚಿಸುವುದು ಒಳಿತು. ಅಜ್ಜಿಯಿಂದ ಬಂದ ಕಣ್ಣಿಗೂ ಮೂಗಿಗೂ ಹೆಮ್ಮೆಪಡುವ ಮನೆಯವರು, ಆಕೆಯಿಂದಲೇ ಬಂದ ವಸಡಿನ ಬಣ್ಣಕ್ಕೆ ನಾಚಬೇಕಾದದ್ದೇನೂ ಇಲ್ಲ.