ಕೇಪಿನ ಕೋವಿಯ ಶುದ್ಧಿ: ಹೊಸಬರಿಗೆ ಒಂದು ವಿವೇಚನೆ

ಕೋವಿ ಎಂಬ ಮಾತಿಗೆ ಕನ್ನಡದಲ್ಲಿ ಕೊಳವೆ ಎಂಬ ಅರ್ಥವೂ ಉಂಟು. ಬಂದೂಕು, ತುಪಾಕಿ ಎಂಬವು ಹೊರಗಿನಿಂದ ಬಂದು ನಮ್ಮಲ್ಲಿ ನೆಲೆಯೂರಿದ ಶಬ್ದಗಳು. ಕೋವಿಯಾದರೋ ವಸ್ತುವಿನ ಆಕಾರವನ್ನೇ ಹೇಳುವ ಮಾತು. ಬಾಯಿಯಿಂದ ಮದ್ದುಗುಂಡು ತುಂಬುವ ಹಳೆಯ ಕೋವಿಯನ್ನು ಶುಚಿಗೊಳಿಸಬಯಸುವವನು ಮೊದಲು ನೆನಪಿಡಬೇಕಾದುದು ಈ ಆಕಾರವನ್ನೇ. ತೋಟಾ ಕೋವಿಯ ನಳಿಗೆಯನ್ನು ಎರಡು ತುದಿಗಳಿಂದಲೂ ನೋಡಬಹುದು, ಒರಸಬಹುದು. ಕೇಪಿನ ಕೋವಿ ಹಿಂದುಗಡೆ ಮುಚ್ಚಿದ ಕೊಳವೆ. ಕೇಪಿನ ಕಿಡಿ ಹಾಯುವ ಒಂದು ಸೂಜಿಗಂಡಿಯನ್ನು ಬಿಟ್ಟರೆ, ಒಳಗೆ ಹೋದುದೆಲ್ಲ ಬಂದ ದಾರಿಯಲ್ಲಿಯೇ ಹೊರಬರಬೇಕು. ಇದರ ಶುದ್ಧಿಯ ಕಷ್ಟವೂ ಕ್ರಮವೂ ಇಷ್ಟರಿಂದಲೇ ಹುಟ್ಟಿದವು.

ಪರಸ್ಥಳದಲ್ಲಿರುವ ನಮಗೆ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ಕೊಡಗು ಮಲೆನಾಡುಗಳಿಂದ ಬಂದ ಎಷ್ಟೋ ಮನೆತನಗಳಲ್ಲಿ ಅಜ್ಜನ ಕಾಲದ ಕೋವಿ ಊರಮನೆಯ ಗೋಡೆಯ ಮೇಲಿದೆ. ರಜೆಗೆಂದು ಊರಿಗೆ ಹೋದ ವಿದ್ಯಾವಂತ ಮೊಮ್ಮಗ ಅದನ್ನು ಭಕ್ತಿಯಿಂದ ಕೆಳಗಿಳಿಸಿ, ಹುಣಿಸೆಹಣ್ಣಿನಿಂದಲೋ ಉಪ್ಪುಕಾಗದದಿಂದಲೋ ಬೆಳಗಿಸಿ, ನೂರು ವರ್ಷ ಉಳಿದುದನ್ನು ಒಂದು ಮಧ್ಯಾಹ್ನದಲ್ಲಿ ಕೆಡಿಸುವುದು ಅಪರೂಪವಲ್ಲ. ಅದರೊಳಗೆ ಮದ್ದು ಉಳಿದಿದ್ದರೆ ಕೆಡುವುದು ಕೋವಿ ಮಾತ್ರವಲ್ಲ.

1

ಕಪ್ಪು ಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಸಾಮಾನ್ಯ ಪ್ರಮಾಣ ನೂರರಲ್ಲಿ 75, 15, 10. ಇದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದೆಂಬ ಭಾವನೆ ತಪ್ಪು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಕಿಟ್ಟವಾಗುತ್ತದೆಂಬುದನ್ನು ನೋಬಲ್ ಮತ್ತು ಏಬಲ್ ಎಂಬ ಬ್ರಿಟಿಷ್ ವಿಜ್ಞಾನಿಗಳು 1875ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದರು. ಆ ಕಿಟ್ಟದಲ್ಲಿ ಮುಖ್ಯವಾದವು ಪೊಟ್ಯಾಸಿಯಮ್ಮಿನ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಎಂಬ ಲವಣಗಳು. ಇವುಗಳಲ್ಲಿ ಕಾರ್ಬೊನೇಟ್ ಗಾಳಿಯ ತೇವವನ್ನು ಬಲವಾಗಿ ಹೀರಿಕೊಳ್ಳುತ್ತದೆ; ಒದ್ದೆಯಾದ ಲವಣ ಕಬ್ಬಿಣವನ್ನು ತಿನ್ನುತ್ತದೆ. ಹಳೆಯ ಕೇಪುಗಳ ಮಿಶ್ರಣದಲ್ಲಿ ಕ್ಲೋರೇಟ್ ಇದ್ದರೆ ಅಡುಗೆಯುಪ್ಪಿನ ಜಾತಿಯದೇ ಆದ ಇನ್ನೊಂದು ಲವಣವೂ ಇದರೊಡನೆ ಸೇರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಒಂದೇ ರಾತ್ರಿಯಲ್ಲಿ ನಳಿಗೆ ಕೆಂಪಾಗುವುದಕ್ಕೆ ಬೇರೆ ಕಾರಣ ಬೇಡ.

ಆದರೆ ರೋಗದ ಲಕ್ಷಣದಲ್ಲಿಯೇ ಮದ್ದಿನ ಸೂಚನೆಯೂ ಇದೆ. ಲವಣಗಳು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗವು. ಆದುದರಿಂದ ಕೇಪಿನ ಕೋವಿಯನ್ನು ತೊಳೆಯತಕ್ಕದ್ದು ನೀರಿನಿಂದಲೇ. ಕಬ್ಬಿಣಕ್ಕೆ ನೀರು ಶತ್ರುವೆಂದು ಹೆದರಿ ಬರಿಯ ಎಣ್ಣೆಯಿಂದ ಒರಸುವವನು ಕಿಟ್ಟದ ಮೇಲೆ ಹೊದಿಕೆ ಹೊದಿಸಿದನೇ ಹೊರತು ಅದನ್ನು ಕಳೆಯಲಿಲ್ಲ.

2

ಶುದ್ಧಿಗೆ ಮೊದಲು ಪರೀಕ್ಷೆ. ಕೋವಿ ಖಾಲಿಯೆಂದು ಯಾರು ಹೇಳಿದರೂ ನಂಬಬಾರದು. ಬಾಯಿಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ಕೇಪು ಇದ್ದರೆ ತೆಗೆದು, ಗುಂಡು ದಬ್ಬುವ ಕಡ್ಡಿಯನ್ನು ಮೆಲ್ಲಗೆ ತಳ ಮುಟ್ಟುವವರೆಗೆ ಇಳಿಸಬೇಕು. ಕಡ್ಡಿಗೆ ಅಡ್ಡವಾಗಿ ನಿಲ್ಲಬಾರದು, ಬಾಯೊಳಕ್ಕೆ ಇಣುಕಲೂಬಾರದು. ಬಾಯಿಯ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಅದರ ತುದಿ ಕೇಪು ಕೂಡಿಸುವ ನಿಪ್ಪಲ್ಲಿನ ನೇರಕ್ಕೆ ಬಂದರೆ ನಳಿಗೆ ಖಾಲಿ. ಒಂದೆರಡು ಅಂಗುಲ ಮೊದಲೇ ನಿಂತರೆ ಒಳಗೆ ಏನೋ ಇದೆ. ಒಣಗಿದ ಕಪ್ಪು ಮದ್ದು ಅನೇಕ ದಶಕಗಳ ಕಾಲ ಸತ್ತ್ವ ಕಳೆದುಕೊಳ್ಳುವುದಿಲ್ಲ. ಅಂತಹ ಕೋವಿಯನ್ನು ಹೊಸಬನು ಮುಟ್ಟದೆ, ನುರಿತ ಕೋವಿ ಕೆಲಸದವನನ್ನು ಕರೆಯಿಸತಕ್ಕದ್ದು.

ಖಾಲಿಯೆಂದು ಖಚಿತವಾದ ಮೇಲೆ ಕುದುರೆಯನ್ನು ಅರ್ಧ ಎತ್ತಿ, ತಕ್ಕ ಚಾವಿಯಿಂದ ನಿಪ್ಪಲ್ಲನ್ನು ಬಿಚ್ಚಿ ಸಾಬೂನು ನೀರಿನಲ್ಲಿ ನೆನೆಹಾಕಬೇಕು. ನಳಿಗೆಯನ್ನು ಮರದಿಂದ ಸುಲಭವಾಗಿ ಕಳಚಬರುವ ಕೋವಿಗಳುಂಟು. ಇವುಗಳ ಹಿಂತುದಿಯನ್ನು ಉಗುರುಬೆಚ್ಚಗಿನ ನೀರಿನ ಬಾನಿಯಲ್ಲಿ ನಿಲ್ಲಿಸಿ, ಕಡ್ಡಿಯ ತುದಿಗೆ ಬಿಗಿಯಾಗಿ ಸುತ್ತಿದ ಬಟ್ಟೆಯನ್ನು ಮೇಲೆ ಕೆಳಗೆ ಆಡಿಸಿದರೆ, ನಿಪ್ಪಲ್ಲಿನ ರಂಧ್ರದಿಂದ ನೀರು ಏರಿ ಇಳಿದು ನಳಿಗೆ ತಾನೇ ತೊಳೆದುಕೊಳ್ಳುತ್ತದೆ. 1853ರ ಮಾದರಿಯ ಎನ್‌ಫೀಲ್ಡಿನಂತೆ ಮೂರು ಪಟ್ಟಿಗಳಿಂದ ಮರಕ್ಕೆ ಬಿಗಿದ ನಳಿಗೆಯನ್ನು ಹೊಸಬನು ಕಳಚದಿರುವುದೇ ಲೇಸು. ಅಲ್ಲಿ ನಿಪ್ಪಲ್ಲನ್ನು ಬಿಚ್ಚದೆ, ಅದಕ್ಕೂ ಕುದುರೆಗೂ ನಡುವೆ ತೊಗಲಿನ ತುಂಡನ್ನಿಟ್ಟು ಕುದುರೆಯನ್ನು ಮೆಲ್ಲಗೆ ಇಳಿಸಿ, ನಳಿಗೆಯ ಮೂರನೆಯ ಒಂದು ಪಾಲು ನೀರು ಹೊಯ್ದು, ಬಾಯಿಗೆ ಬಿರಡೆ ಕೊಟ್ಟು ಹಿಂದೆ ಮುಂದೆ ಓಲಾಡಿಸಿ ಚೆಲ್ಲಬೇಕು. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕಪ್ಪುನೀರು ತಿಳಿಯಾಗುತ್ತದೆ. ಮರಕ್ಕೆ ನೀರು ತಾಗದಂತೆ ಬಟ್ಟೆ ಸುತ್ತಿರಬೇಕು.

ಬಳಿಕ ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ. ಬಟ್ಟೆ ಬಿಳಿಯದಾಗಿಯೇ ಹೊರಬರುವವರೆಗೂ, ಕೊನೆಯದು ಒಣಗಿಯೇ ಬರುವವರೆಗೂ ಬದಲಾಯಿಸುತ್ತಿರಬೇಕು. ಸುರುಳಿಗೆರೆಗಳಿರುವ ರೈಫಲ್ಲಿನಲ್ಲಿ ಕಿಟ್ಟ ಗೆರೆಗಳ ಮೂಲೆಯಲ್ಲಿ ಅಡಗುವುದರಿಂದ ಕಡ್ಡಿ ಆ ತಿರುವನ್ನು ಅನುಸರಿಸಿ ಸುತ್ತಬೇಕು; ಎನ್‌ಫೀಲ್ಡಿಗೆ ಇಂತಹ ಗೆರೆಗಳು ಮೂರು. ಕಡ್ಡಿ ಬಾಯಿಯ ಅಂಚಿಗೆ ಉಜ್ಜದಂತೆಯೂ ನೋಡಿಕೊಳ್ಳಬೇಕು. ಅಂಚು ಸವೆದ ರೈಫಲ್ಲಿನ ಗುರಿ ಕೆಡುತ್ತದೆ. ಕುದಿಯುವ ನೀರು ಬೇಗ ಒಣಗುತ್ತದೆಂಬುದು ನಿಜವಾದರೂ, ಬಿಸಿಯಾದ ಬರಿಮೈ ಕಬ್ಬಿಣಕ್ಕೆ ಕ್ಷಣದಲ್ಲಿ ತೆಳುವಾದ ತುಕ್ಕು ಹಿಡಿಯುವುದೂ ಉಂಟು. ಉಗುರುಬೆಚ್ಚನೆಯ ನೀರೇ ಸಾಕು.

ಎಣ್ಣೆಯ ಸರದಿ ಬರುವುದು ಕೊನೆಗೆ. ತೆಳುವಾದ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಸವರಿ ಒಮ್ಮೆ ಹಾಯಿಸಿದರೆ ಆಯಿತು. ಕೊಬ್ಬರಿ ಎಣ್ಣೆ ಕಾಲಾಂತರದಲ್ಲಿ ಹಳಸಿ ಜಿಗುಟಾಗುವುದರಿಂದ ತಕ್ಕುದಲ್ಲ. ಮರದ ಭಾಗಕ್ಕೆ ಅಗಸೆ ಎಣ್ಣೆ ಒಳ್ಳೆಯದು. ಕೋವಿಯನ್ನು ಬಾಯಿ ಕೆಳಗಾಗಿ ಇಟ್ಟರೆ ಹೆಚ್ಚಿನ ಎಣ್ಣೆ ನಿಪ್ಪಲ್ಲಿಗೂ ಮರಕ್ಕೂ ಇಳಿಯುವುದಿಲ್ಲ. ಮರುದಿನ, ಮತ್ತೆ ಒಂದು ವಾರದ ಮೇಲೆ, ಬಿಳಿಯ ಬಟ್ಟೆ ಹಾಯಿಸಿ ನೋಡಬೇಕು. ಕೆಂಪು ಕಂಡರೆ ಮೊದಲಿನಿಂದ ಪ್ರಾರಂಭ. ಮತ್ತೆ ಈಡು ಹೊಡೆಯುವ ಮುನ್ನ ಎಣ್ಣೆಯನ್ನು ಪೂರ್ತಿ ಒರಸಿ ತೆಗೆಯಬೇಕು. ಇಲ್ಲದಿದ್ದರೆ ಮದ್ದು ನೆನೆದು ಕೇಪು ಸಿಡಿದರೂ ಕೋವಿ ಹಾರುವುದಿಲ್ಲ. ಬರಿಯ ನಿಪ್ಪಲ್ಲಿನ ಮೇಲೆ ಕುದುರೆಯನ್ನು ಬಡಿಸುವ ಆಟವೂ ಸಲ್ಲದು. ಹೊರಮೈಯ ಕಂದುಬಣ್ಣವೂ ಕೊಳೆಯಲ್ಲ. ಅದು ಕೆಲಸಗಾರನು ಬೇಕೆಂದೇ ಹಿಡಿಸಿದ, ಕಬ್ಬಿಣವನ್ನು ಕಾಯುವ ಹದವಾದ ತುಕ್ಕು. ಅದನ್ನು ಉಜ್ಜಿ ಹೊಳಪು ತಂದವನು ಕೋವಿಯ ಚರಿತ್ರೆಯನ್ನೇ ಅಳಿಸಿದಂತಾಯಿತು.

3

ಈ ಕಿಟ್ಟದ ಪ್ರಶ್ನೆ ಇತಿಹಾಸವನ್ನೂ ಮುಟ್ಟಿದೆ. ನಾಲ್ಕಾರು ಈಡುಗಳಾದ ಮೇಲೆ ನಳಿಗೆ ಇಕ್ಕಟ್ಟಾಗಿ ಗುಂಡು ಇಳಿಯದು. ಎನ್‌ಫೀಲ್ಡಿನ ಕಾಗದದ ತೋಟಾಕ್ಕೆ ಕೊಬ್ಬು ಸವರಿದುದು ಗುಂಡು ಸಲೀಸಾಗಿ ಇಳಿಯಲೆಂದೂ ಕಿಟ್ಟ ಮೆದುವಾಗಲೆಂದೂ. ಆ ಕೊಬ್ಬು ಯಾವ ಪ್ರಾಣಿಯದೆಂಬ ಸಂಶಯದಿಂದ 1857ರಲ್ಲಿ ಏನಾಯಿತೆಂಬುದನ್ನು ಹೇಳಬೇಕಾಗಿಲ್ಲ. ಅದೇ ವರ್ಷದ ನವೆಂಬರಿನಲ್ಲಿ, ಆಯುಧಗಳ ಮೇಲಿನ ನಿರ್ಬಂಧವನ್ನು ಒಪ್ಪದೆ, ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದರು. ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದ ಆ ಕಥೆ ಇಂದಿಗೂ ನಮಗೆ ಪರಿಚಿತವಾಗಿದೆ.

ಕೊಡಗಿನ ಕಥೆ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಉಳಿದವರು ಹಳೆಯ ಕೋವಿಯನ್ನು ಇಟ್ಟುಕೊಳ್ಳುವಾಗ 1959ರ ಆಯುಧ ಕಾಯಿದೆಯನ್ನು ಮರೆಯಬಾರದು. ಕೊಡವ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಮಾಡಿ, ತೋಕ್ ಪೂ ಮುಡಿಸಿ ಪೂಜೆಗಿಡುತ್ತಾರೆ. ಮಳೆಯ ಕಡುಗಾಲ ಹಿಂದಾಗುತ್ತ ಬರುವ ಹೊತ್ತಿಗೆ, ತುಕ್ಕಿಗೆ ಅತ್ಯಂತ ಅನುಕೂಲವಾದ ತಿಂಗಳುಗಳ ಬೆನ್ನಲ್ಲೇ, ಮನೆಯ ಪ್ರತಿಯೊಂದು ಕೋವಿಯೂ ವರ್ಷಕ್ಕೊಮ್ಮೆ ಕೈಗೆ ಬರುವಂತೆ ಈ ಆಚಾರ ಏರ್ಪಡಿಸಿದೆ. ಪೂಜೆಯ ಜೊತೆಗೆ ಪರೀಕ್ಷೆಯೂ ನಡೆದುಹೋಗುತ್ತದೆ.

ನಗರ ಸೇರಿದ ನಮ್ಮಲ್ಲಿ ಹಿರಿಯರ ವಸ್ತುವಿನ ಮೇಲೆ ಅಭಿಮಾನ ಉಳಿದಿದೆ. ಅದನ್ನು ಕಾಪಾಡುವ ಕೈವಾಡ ಹೋಗಿದೆ. ಕಡ್ಡಿಯಿಟ್ಟು ಅಳೆಯುವುದು, ನೀರಿನಿಂದ ತೊಳೆಯುವುದು, ಒಣಗಿಸುವುದು, ಮರುದಿನ ಮತ್ತೆ ನೋಡುವುದು: ಈ ನಾಲ್ಕನ್ನು ಊರಲ್ಲಿರುವ ಹಿರಿಯರು ಬಲ್ಲರು. ಅವರಿರುವಾಗಲೇ ಅವರ ಬಳಿ ಕುಳಿತು ಕಲಿತುಕೊಳ್ಳುವುದು ಯುಕ್ತ.